ಭಾವ ಬೆಳೆದ ಎರಡು ಗಾಂಜಾ ಗಿಡ

ಅಂತರಘಟ್ಟಮ್ಮನಾಣೆ, ಇಲ್ಲಿರೋದು ಅಕ್ಷರಕ್ಷರವೂ ನಿಜ. ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ಯಾರು ಎಡವಟ್ಟು ಮಾಡಿಕೊಂಡರೂ ಮೊದಲ ಫೋನು ಬರುವುದು ನನಗೇ. ಕಾನೂನು ಅಷ್ಟು ಗೊತ್ತು ನನಗೆ. ಬದುವಿನ ಕೇಸಿಗೆ ಹನ್ನೊಂದು ವರ್ಷ ಅಲೆದು ಸೋತವನು ನಾನು. ಯಾವ ಲಾಯರಿಗಿದೆ ಇಷ್ಟು ಅನುಭವ?

೧. ಹಿತ್ತಲು ತೋರಿಸಿದ್ದು

ಅಕ್ಕನ ಗಂಡ, ಅಂದರೆ ನಮ್ಮ ಭಾವ, ಇರುವುದು ಅಜ್ಜಂಪುರದ ಹತ್ತಿರ. ಪಕ್ಕದ ಮನೆಯವರ ಬೈಕು ಕಳುವಾಗಿ ಪೊಲೀಸರಿಬ್ಬರು ವಿಚಾರಿಸಲು ಬಂದರು. ಬಂದವರಿಗೆ ಹಿತ್ತಲು ತೋರಿಸದೆ ಕಳಿಸುವ ಜಾಯಮಾನ ಭಾವನದ್ದಲ್ಲ. "ಬನ್ನಿ ಸಾರ್, ಈ ಬದನೆ ನೋಡಿ. ಈ ಮೆಣಸಿನ ಗಿಡ ನೋಡಿ."

ಪೇದೆ ಮೂಲೆಯಲ್ಲಿ ನಿಂತ. "ಇದ್ಯಾವ ಗಿಡ ಯಜಮಾನ್ರೇ?"

"ಅದು ಮಾರಾಕಲ್ಲ ಸಾರ್. ಮಂಡಿನೋವಿಗೆ ನಾನೇ ಸೇದಾಕೆ. ನಿಮಗೂ ಮಂಡಿನೋವಾ?"

ಬೈಕು ಇವತ್ತಿಗೂ ಸಿಕ್ಕಿಲ್ಲ. ಭಾವ ಮಾತ್ರ ಸಿಕ್ಕಿಬಿದ್ದರು.

೨. ಬಾಯಿಗೆ ಬೀಗ

ಕೋರ್ಟಿನಲ್ಲಿ ಭಾವ ತಪ್ಪೊಪ್ಪಿಕೊಂಡಿದ್ದಾಯ್ತು. ಶಿಕ್ಷೆ ಹೇಳುವ ದಿನ ಬೆಳಿಗ್ಗೆ ಅಕ್ಕ ನನ್ನ ಕಾಲರ್ ಹಿಡಿದಳು. "ಲೋ, ನಿಮ್ಮ ಭಾವನ್ನ ವಾಪಸ್ ಕರ್ಕೊಂಡ್ ಬಾ. ಇಲ್ಲಾಂದ್ರೆ ನೀನೂ ಅಲ್ಲೇ ಇದ್ಬಿಡು."

ಕೋರ್ಟಿನ ಜಗಲಿಯಲ್ಲಿ ನಮ್ಮ ಲಾಯರು ಭಾವನಿಗೆ ಹೇಳಿದರು: "ವರ್ಷಗಟ್ಟಲೆ ಜೈಲಾಗಬಹುದು. ಮೊದಲನೇ ತಪ್ಪು, ಎರಡೇ ಗಿಡ, ಅದೂ ಬಡಕಲು ಅಂತ ನಾನು ಹೇಳ್ತೀನಿ. ನೀವು ಕೈ ಮುಗಿದು ತೆಪ್ಪಗಿರಿ."

"ಬಡಕಲಾ?" ಅಂದರು ಭಾವ.

ತಕ್ಷಣ ಅವರ ಬಾಯಿಗೆ ಎಲೆ ಅಡಿಕೆ ತುರುಕಿದೆ. ಇಂಥ ಉಪಾಯ ಯಾವ ಕಾನೂನು ಪುಸ್ತಕದಲ್ಲಿದೆ ಹೇಳಿ? ಬಾಗಿಲಲ್ಲಿ ನಿಂತಿದ್ದ ಜವಾನ ಗದರಿಸಿ ಅಷ್ಟನ್ನೂ ಉಗಿಸಿಬಿಟ್ಟ.

೩. ಎದೆಮಟ್ಟ

"ಸ್ವಾಮಿ, ಗಿಡಾನಾ ಅವು? ಸೊರಗಿದ ಕಡ್ಡಿ! ಎಲೆಯೆಲ್ಲ ಹಳದಿ," ಅಂತ ಲಾಯರು ಕರುಳು ಕಿವುಚುವ ಹಾಗೆ ವಾದಿಸಿದರು. ಕಟಕಟೆಯಲ್ಲಿ ಭಾವನ ಕಿವಿ ಕೆಂಪಾದವು.

ಜಡ್ಜ್ ಸಾಹೇಬರು ಕೇಳಿದರು: "ಶಿಕ್ಷೆ ಬಗ್ಗೆ ನೀವೇನಾದ್ರೂ ಹೇಳೋದಿದೆಯಾ?"

"ಎಷ್ಟು ವರ್ಷನಾದ್ರೂ ಹಾಕಿ ಸ್ವಾಮಿ. ಬಡಕಲು ಅನ್ನೋದನ್ನ ಮಾತ್ರ ಬರ್ಕೋಬೇಡಿ. ಕುರಿಗೊಬ್ಬರ ಹಾಕಿ ಬೆಳೆಸಿದ್ದು. ನನ್ನ ಎದೆಮಟ್ಟ ಇತ್ತು!"

ನಮ್ಮ ಲಾಯರು ಕುಸಿದು ಕೂತರು. ಸರ್ಕಾರಿ ಲಾಯರು ಖುಷಿಯಿಂದ ಎದ್ದರು. ಜೈಲಲ್ಲಿ ನನಗೂ ಒಂದು ಚಾಪೆ ಕೊಡ್ತಾರಾ ಅಂತ ನಾನು ಯೋಚಿಸತೊಡಗಿದೆ.

ಜಡ್ಜ್ ಮಹಜರಿನ ಹಾಳೆ ತಿರುವಿದರು. "ಪೊಲೀಸರು ಅಳೆದಾಗ ಒಂದಡಿ ಇತ್ತಲ್ಲ ಯಜಮಾನ್ರೇ?"

"ಅವ್ರನ್ನ ನೋಡಿ ಹೆದರ್ಕೊಂಡು ಕುಗ್ಗಿತ್ತು ಸ್ವಾಮಿ!"

ಸರ್ಕಾರಿ ಲಾಯರು ಫೈಲಿನಲ್ಲಿ ಮುಖ ಮುಚ್ಚಿಕೊಂಡು ಕೂತರು. ಜಡ್ಜ್ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದರು. ವಯಸ್ಸು, ಮೊದಲ ತಪ್ಪು, ಒಂದಡಿ ಗಿಡ, ಎಲ್ಲ ನೋಡಿ ಶಿಕ್ಷೆ ಹೇಳಿದರು: ಒಂದಷ್ಟು ದಂಡ, ಜೊತೆಗೆ ಅವತ್ತು ಕೋರ್ಟು ಮುಗಿಯುವ ತನಕ ಅಲ್ಲೇ ಬೆಂಚಿನ ಮೇಲೆ ಕೂತಿರುವ ಸಜೆ. "ಇನ್ನೊಂದ್ಸಲ ಬೆಳೆದ್ರೆ ಜೈಲೇ, ನೆನಪಿರ್ಲಿ."

ಸಂಜೆ ಲಾಯರು ಬೆವರು ಒರೆಸಿಕೊಳ್ಳುತ್ತಾ, "ಹೊರಡಿ ಯಜಮಾನ್ರೇ, ಬಚಾವಾದ್ರಿ" ಅಂದರು. ಭಾವ ಏಳಲಿಲ್ಲ.

"ಮೇಲಿನ ಕೋರ್ಟಿಗೆ ಹೋಗ್ಬೋದಾ ಲಾಯರೇ?"

"ಯಾಕ್ರೀ? ಇದಕ್ಕಿಂತ ಕಮ್ಮಿ ಶಿಕ್ಷೆ ಯಾರೂ ಕೊಡಲ್ಲ!"

"ಶಿಕ್ಷೆ ಇರ್ಲಿ ಬಿಡಿ. ಆ ಒಂದಡಿ ಅನ್ನೋದನ್ನ ತಿದ್ದಿಸ್ಬೇಕು."

ಇಷ್ಟರಲ್ಲಿ ಸುಳ್ಳು ಒಂದೇ ಒಂದು. ಮಹಜರಿನಲ್ಲಿ ಇದ್ದದ್ದು ಒಂದಡಿ ಅಲ್ಲ, ಮುಕ್ಕಾಲಡಿ. ಅಕ್ಕನ್ನ ಕೊಟ್ಟ ಮನೆ ನೋಡಿ, ಮರ್ಯಾದೆಗೆ ಅಂತ ಕಾಲಡಿ ನಾನೇ ಸೇರಿಸಿದೆ.