ಭಾವನವರ ನಾಲಗೆ, ನನ್ನ ಜಾತಕ

ಒಂದು ಮಾತನ್ನು ಪ್ರಮಾಣ ಮಾಡಿ ಹೇಳಬಲ್ಲೆ: ನಮ್ಮ ಭಾವನವರ, ಅಂದರೆ ನನ್ನ ಹೆಂಡತಿಯ ಅಣ್ಣನವರ, ಮುಖಕ್ಕಿಂತ ನಾಲಗೆಯ ಪರಿಚಯವೇ ನನಗೆ ಹೆಚ್ಚು! ನಾವಿರುವ ಡಚ್ಚರ ನಾಡಿನ ದ ಹೇಗ್‌ನಲ್ಲಿ ಚೀನೀ ವೈದ್ಯರೊಬ್ಬರು ನಾಲಗೆ ನೋಡಿ ರೋಗ ಹೇಳುತ್ತಾರೆಂದು ತಿಳಿದಂದಿನಿಂದ, ನ್ಯೂವೆಗೈನ್‌ನಿಂದ ಮಾಸ್ಟ್ರಿಕ್ಟ್‌ನ ನಮ್ಮ ಮನೆಗೆ ಬಂದಾಗಲೆಲ್ಲ ಅವರು ನಮಸ್ಕಾರಕ್ಕೆ ಮೊದಲು ನಾಲಗೆ ಚಾಚುತ್ತಾರೆ.

"ನೋಡಿ ಭಾವ, ಹಳದಿ ಉಂಟಲ್ಲ? ಕರುಳಲ್ಲಿ ತೇವ, ಉಷ್ಣ ಎರಡೂ ಸೇರಿದೆಯಂತೆ. ಕ್ಯಾನ್ಸರಿಗೂ ಮೂಲ ಅದೇ ಅಂತೆ."

ನಿವೃತ್ತ ಸಂಶೋಧಕನಾದವನು ಸುಮ್ಮನಿರುವುದುಂಟೆ? ಕರುಳಿನ ಸಣ್ಣ ಗಂಟುಗಳು ವರ್ಷಾನುಗಟ್ಟಲೆ ಬೆಳೆದು ಕ್ಯಾನ್ಸರಾಗುವ ಕ್ರಮ, ವಯಸ್ಸು, ವಂಶ, ಧೂಮಪಾನ, ಮದ್ಯ, ಸಂಸ್ಕರಿಸಿದ ಮಾಂಸ, ನಾರಿಲ್ಲದ ಊಟ, ಮೈ ಅಲುಗಿಸದೆ ಕೂರುವುದು ಎಲ್ಲವನ್ನೂ ಅಡಿಟಿಪ್ಪಣಿ ಸಹಿತ ವಿವರಿಸಿದೆ.

"ಕಡೆಯದ್ದು ಯಾರ ಬಗ್ಗೆ ಮಾರಾಯ್ರೆ? ನೀವು ಆ ಕುರ್ಚಿಯಿಂದ ಎದ್ದದ್ದನ್ನು ನಾನು ಕಂಡಿಲ್ಲ!"

ನಾನು ಕೂತೇ ಇದ್ದೆ.

ಚೀನೀ ವೈದ್ಯರು ಕೊಟ್ಟ ಕಷಾಯವನ್ನು ಅವರು ನಮ್ಮಲ್ಲೇ ಕುದಿಸುವ ವಾಸನೆಗೆ ಪಕ್ಕದ ಮನೆಯ ಡಚ್ ಅಜ್ಜಿ ಬಂದು, ಚರಂಡಿ ಕಟ್ಟಿದೆಯೇ ಎಂದು ವಿಚಾರಿಸಿದ್ದರು. ಭಾವನವರು ಆಕೆಗೂ ಒಂದು ಲೋಟ ಕೊಟ್ಟರು. ಅಂದಿನಿಂದ ಆಕೆ ಇವರನ್ನು ಕಂಡರೆ ರಸ್ತೆ ದಾಟುತ್ತಾರೆ!

ಇಂಥವರನ್ನು ಕಂಡು ನಗುವ ಹಕ್ಕು ನನಗಿದೆ ಎಂದುಕೊಂಡಿದ್ದೆ, ನೇರಳೆ ಲಕೋಟೆ ಬರುವವರೆಗೆ. ಇಲ್ಲಿ ಐವತ್ತೈದು ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಅಂಚೆಯಲ್ಲಿ ಒಂದು ಪುಟ್ಟ ಕೊಳವೆ ಬರುತ್ತದೆ. ಮಲದ ಚೂರು ಮಾದರಿಯನ್ನು ಅದರಲ್ಲಿಟ್ಟು ಮರಳಿಸಿದರೆ, ಕಣ್ಣಿಗೆ ಕಾಣದ ರಕ್ತವಿದ್ದರೂ, ಅಂದರೆ ಕರುಳಿನ ಕ್ಯಾನ್ಸರಿನ ಸುಳಿವಿದ್ದರೂ, ಪತ್ತೆಯಾಗುತ್ತದೆ. ಆದರೆ ಜೊತೆಗಿದ್ದ ಕಾಗದದಲ್ಲಿ ನನ್ನ ಜನ್ಮದಿನ ಜೂನ್ ಒಂದು ಎಂದಿತ್ತು! ಅದು ಶಾಲೆಗೆ ಸೇರಿಸಿಕೊಳ್ಳುವಾಗ ನಮ್ಮ ಮೇಷ್ಟ್ರು ಅರ್ಧ ತರಗತಿಗೆ ದಯಪಾಲಿಸಿದ ದಿನ; ಪಾಸ್‌ಪೋರ್ಟಿಗೂ ಅದೇ ಅಂಟಿಕೊಂಡಿತು. ಜಾತಕದ ಪ್ರಕಾರ ನಾನು ಹುಟ್ಟಿದ್ದು ದೀಪಾವಳಿಯ ಆಸುಪಾಸು. ತಪ್ಪು ದಿನಾಂಕದೊಡನೆ ವೈಜ್ಞಾನಿಕ ಮಾದರಿಯೊಂದನ್ನು ಕಳಿಸುವುದೆ? ಹಳೆಯ ಪಂಚಾಂಗ ತರಿಸಿದೆ, ನನ್ನ ಜಾತಕದ ಎರಡು ಪ್ರತಿಗಳನ್ನು ತಾಳೆ ನೋಡಿದೆ, ಪುರಸಭೆಗೆ ಪತ್ರ ಬರೆದೆ. ಎಂಟು ತಿಂಗಳು ಕೊಳವೆ ಪುಸ್ತಕದ ಕಪಾಟಿನಲ್ಲಿ ಖಾಲಿ ಕೂತಿತ್ತು.

ಈ ನಡುವೆ ಭಾವನವರಿಗೂ ಲಕೋಟೆ ಬಂತು. ಅವರು ಮರುದಿನವೇ ಕಳಿಸಿದರು. ರಕ್ತ ಕಂಡಿತು, ಕರುಳಿಗೆ ಕ್ಯಾಮೆರಾ ಇಳಿಸಿದರೆ ಗೆಡ್ಡೆ. ಚೀನೀ ವೈದ್ಯರೇ, "ಮೊದಲು ಶಸ್ತ್ರಚಿಕಿತ್ಸೆ, ನನ್ನಲ್ಲಿಗೆ ಆಮೇಲೆ" ಎಂದರಂತೆ. ಆಸ್ಪತ್ರೆಯವರು ಕರುಳಿನ ಆ ಭಾಗವನ್ನು ತೆಗೆದರು. ಕಿಮೋ ಮುಗಿಯುವವರೆಗೆ ಕಷಾಯ ಬೇಡ, ವಾಕರಿಕೆಗೆ ಬೇಕಾದರೆ ಚೀನೀ ಸೂಜಿ ಚುಚ್ಚಿಸಿಕೊಳ್ಳಿ ಎಂದರು. ಭಾವನವರು ಇಬ್ಬರ ಮಾತನ್ನೂ ಕೇಳಿದರು. ಯಾರ ಮಾತನ್ನೂ ಕೇಳದವನು ವಿಜ್ಞಾನಿಯಾದ ನಾನೊಬ್ಬನೇ!

ಕಿಮೋದ ನಡುವೆ ಒಂದು ಮಧ್ಯಾಹ್ನ ಅವರು ರೈಲು ಹತ್ತಿ ಬಂದೇಬಿಟ್ಟರು. ಕೋಟು ಹೆಗಲಿನಿಂದ ಜಾರುವಷ್ಟು ಇಳಿದುಹೋಗಿದ್ದರು. ನನ್ನವಳು ಎಲ್ಲ ವರದಿ ಮಾಡಿದ್ದಳು. ಭಾವನವರು ನೇರ ಕಪಾಟಿಗೆ ಹೋಗಿ, ಕೊಳವೆಯನ್ನು ತಂದು ನನ್ನ ಕೈಗಿಟ್ಟರು.

"ಪುರಸಭೆಯಿಂದ ಇನ್ನೂ ಉತ್ತರ ಬಂದಿಲ್ಲ, ಭಾವ. ದಿನಾಂಕ..."

"ನಗಿಸಬೇಡಿ, ಹೊಲಿಗೆ ನೋಯ್ತದೆ." ಪಕ್ಕದಲ್ಲಿ ಕೂತರು. "ನೀವು ಯಾವಾಗ ಹುಟ್ಟಿದ್ದು ಅಂತ ಕಟ್ಟಿಕೊಂಡು ನನಗೆ ಎಂತ ಆಗ್ಬೇಕು ಭಾವ? ನೀವು ಇರ್ಬೇಕು, ಅಷ್ಟೆ. ನಿಮಗೂ ಹೀಗಾದ್ರೆ ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಮರುದಿನ ಬೆಳಗ್ಗೆ, ಮಾದರಿ ತುಂಬಿದ ಕೊಳವೆಯನ್ನು ತಪ್ಪು ದಿನಾಂಕದ ಕಾಗದದೊಡನೆ ಲಕೋಟೆಗೆ ಹಾಕಿ ಹೊರಟೆ. ಬೇಡವೆಂದರೂ ಕೇಳದೆ ಅವರು ನನ್ನ ತೋಳು ಹಿಡಿದು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತ, ಅಂಚೆಪೆಟ್ಟಿಗೆಯವರೆಗೂ ಜೊತೆಗೆ ಬಂದರು.