ಗಿಟಾರಿಗೆ ಎಲುಬು ಹಾಕಿದ ಮೈದುನ

ನನಗೆ ಆಗ ಎಪ್ಪತ್ತೊಂದು ವರ್ಷ. ಇದಾಗಿ ಮೂರು ವರ್ಷವಾಯಿತು. ಅಷ್ಟು ವಯಸ್ಸಾದರೂ ನನ್ನ ಎದೆ ಒಡೆದುಹೋಗಿರಲಿಲ್ಲ. ಹೋಗದಿದ್ದುದಕ್ಕೆ ನನ್ನ ಮೈದುನ ಕಾರಣನಲ್ಲ. ಅವನು ತನ್ನ ಕೈಲಾದ ಪ್ರಯತ್ನವನ್ನೆಲ್ಲ ಮಾಡಿದ್ದ!

ಮೈದುನ ಎಂದರೆ ನನ್ನ ಗಂಡನ ತಮ್ಮ. ಗಂಡ ತೀರಿಕೊಂಡರು, ತಮ್ಮನನ್ನು ನನಗೆ ಬಿಟ್ಟುಹೋದರು. ನಮ್ಮ ಬನಹಟ್ಟಿಯಲ್ಲಿ ಪವರ್‌ಲೂಮ್ ಮಗ್ಗ ಕೆಟ್ಟರೆ ಸರಿಮಾಡುವವನಿಗೆ ಜಾಬರ್ ಎನ್ನುತ್ತಾರೆ. ನಮ್ಮವನು ಜಾಬರ್. ಮದುವೆಯಾಗಲಿಲ್ಲ. ಹೆಣ್ಣು ಕೊಡಲು ಬಂದವರ ಮುಂದೆ ಅವರ ಕೈಗಡಿಯಾರ ಬಿಚ್ಚಿ ಹರವಿಕೊಂಡು ಕೂತರೆ ಯಾರು ಕೊಟ್ಟಾರು?

ಅವನದೊಂದು ಸಿದ್ಧಾಂತ. ಜಗತ್ತಿನಲ್ಲಿ ಅಗ್ಗದ್ದು, ದುಬಾರಿಯದ್ದು ಎಂಬುದೇ ಇಲ್ಲ. ಸಾಮಾನು ಬದಲಿಸಿದ್ದು, ಬದಲಿಸದೆ ಇದ್ದದ್ದು ಎಂದು ಎರಡೇ ಜಾತಿ. ಹಳೆಯ ಮಗ್ಗಕ್ಕೆ ಒಂದೊಂದೇ ಹೊಸ ಸಾಮಾನು ಹಾಕುತ್ತ ಹೋದರೆ ಅದು ಹೊಸ ಮಗ್ಗವೇ ಅಲ್ಲವೇ ಎಂದು ಕೇಳುತ್ತಿದ್ದ. ನಾನು ಹೌದು ಎಂದೆ, ತಪ್ಪಾಯಿತು. ಮರುವಾರ ನಮ್ಮ ಮನೆಯ ಫ್ಯಾನಿಗೆ ಬೇರೆ ಯಾವುದರದೋ ಮೋಟರು ಕೂರಿಸಿದ. ಫ್ಯಾನು ತಿರುಗಿತು, ಸುಳ್ಳು ಹೇಳಬಾರದು. ಆದರೆ ಉಲ್ಟಾ ತಿರುಗಿತು! ಕೆಳಗಿನ ಗಾಳಿಯನ್ನೆಲ್ಲ ಎಳೆದು ಮಾಳಿಗೆಗೆ ಕೊಡುತ್ತಿತ್ತು. ನಾವು ಬೆವರುತ್ತಿದ್ದೆವು, ಜಂತಿಯ ಹಲ್ಲಿಗಳು ತಂಪಾಗಿದ್ದವು.

ಇನ್ನೊಂದು ಮಾತು ಹೇಳಬೇಕು. ಮಗ್ಗಗಳು ಓಡುವ ಶೆಡ್ಡಿನಲ್ಲಿ ಮಾತು ಕಿವಿಗೆ ಬರುವುದಿಲ್ಲ, ಕಣ್ಣಿಗೆ ಬರುತ್ತದೆ. ಎದುರಿನವರ ತುಟಿ ನೋಡಬೇಕು, ಕೈ ನೋಡಬೇಕು. ಹಾಗಾಗಿ ನಮ್ಮ ಓಣಿಯಲ್ಲಿ ಎಲ್ಲರದೂ ಬಾಯಿ ದೊಡ್ಡದು. ಇಬ್ಬರು ಪ್ರೀತಿಯಿಂದ ಮಾತಾಡುತ್ತಿದ್ದರೂ ಹೊಸಬರು ಜಗಳ ಬಿಡಿಸಲು ಓಡಿ ಬರುತ್ತಾರೆ.

ಅವನಿಗೆ ಮೊಣಕಾಲು ಹಿಡಿದು ಮಗ್ಗದ ಕೆಲಸ ನಿಂತಿತು. ನಿಂತ ಮೇಲೆ ಅವನು ಗೋಡೆಗೆ ಮುಖ ಮಾಡಿ ಮಲಗಿದ. ಮಲಗಿದ ಎಂದರೆ ಮಲಗಿಯೇ ಬಿಟ್ಟ. ಒಂದು ರೊಟ್ಟಿಯಲ್ಲಿ ಅರ್ಧ ಉಳಿಸುತ್ತಿದ್ದ. ಇವನೂ ಅಣ್ಣನ ದಾರಿ ಹಿಡಿದ ಎಂದುಕೊಂಡೆ. ಅಂಥವನು ಒಂದು ದಿನ ಜಮಖಂಡಿಗೆ ಹೋಗಿ ಬಂದ. ಸೊಸೆ ಬಾಗಿಲಿನಿಂದಲೇ ಕೂಗಿದಳು:

“ಅತ್ತೀ, ಸಣ್ಣ ಮಾವಾರು ಹೆಗಲ ಮ್ಯಾಲೆ ಏನೋ ಹೊತಗೊಂಡ ಬಂದಾರ್ರೀ! ಬಂದೂಕ ಇದ್ದಂಗೈತ್ರೀ!”

ನನ್ನ ಕೈಯೊಳಗಿನ ಹಿಟ್ಟಿನ ಮುದ್ದೆ ಒಲೆಗೆ ಬಿತ್ತು. ಬಂದೂಕಲ್ಲ. ಕೆಂಪು ಬಣ್ಣದ ಕರೆಂಟಿನ ಗಿಟಾರು! ಅಂಗಡಿಯಲ್ಲಿದ್ದುದರಲ್ಲೇ ಅಗ್ಗದ್ದು. ಹಿಂದೆ ಭಜನೆಯಲ್ಲಿ ಬೆಂಜೋ ಬಾರಿಸಿದ ಕೈ ಅವನದು, ಬೆರಳು ಬೇಗ ಹೊಂದಿಕೊಂಡವು. ಭಜನೆಯ ಪದಗಳನ್ನೇ ಅದರ ಮೇಲೆ ಬಾರಿಸತೊಡಗಿದ. ದೇವರಿಗೆ ಹೇಗೆ ಕೇಳಿಸಿತೋ ತಿಳಿಯದು, ನನಗಂತೂ ತಗಡಿನ ಮೇಲೆ ಬೆಕ್ಕು ಜಾರಿದಂತೆ ಕೇಳಿಸಿತು. ಆದರೆ ಆ ರಾತ್ರಿ ಅವನು ಎರಡನೆಯ ರೊಟ್ಟಿ ಕೇಳಿದ. ವಾರ ಕಳೆಯುವುದರೊಳಗೆ ಮೂರನೆಯದು. ನಾನು ಬಾಯಿ ಮುಚ್ಚಿಕೊಂಡೆ.

ಸುಮ್ಮನೆ ಬಾರಿಸಿಕೊಂಡಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಮುಧೋಳದಲ್ಲಿ ಮದುವೆಗಳಲ್ಲಿ ಆರ್ಕೆಸ್ಟ್ರಾ ನಡೆಸುವ ಒಬ್ಬ ಗಿಟಾರಿನವನಿದ್ದಾನೆ, ನಮಗೆ ದೂರದ ಬೀಗರ ಪೈಕಿ. ಇವನು ತನ್ನ ಕೆಂಪು ಗಿಟಾರನ್ನು ಅವನಿಗೆ ತೋರಿಸಲು ಹೊರಟ. ನಾನೂ ಜೊತೆಗೆ ಹೋಗಿದ್ದೆ. ಅವನು ನೋಡಿ ನಕ್ಕ.

“ಕಾಕಾ, ಇದು ಹುಡುಗೂರ ಆಟಿಗಿ. ನಂದ ನೋಡ್ರಿ, ಅಮೆರಿಕಾದ್ದು.”

“ಏನೈತೋ ತಮ್ಮಾ ಅದರಾಗ? ಕಟ್ಟಿಗಿ, ತಂತಿ, ಅಯಸ್ಕಾಂತ. ಮೂರೂ ಇದರಾಗ ಅದಾವ. ಸಾಮಾನ ಬದಲಿ ಮಾಡ್ತೇನಿ, ಇದನ್ನ ನಿಂದರ ಸಮಾ ಮಾಡ್ತೇನಿ.”

“ಆಗಲಿಲ್ಲಂದ್ರ?”

“ಆಗಲಿಲ್ಲಂದ್ರ ಜೀವ ಇರೂತನಾ ತಂತಿ ಮುಟ್ಟಂಗಿಲ್ಲ.”

ಬೇರೆಯವರು ಹೀಗೆ ಹೇಳಿದರೆ ಅದು ಬರೀ ಬಾಯಿಮಾತು. ಇವನು ಹೇಳಿದರೆ ಕಲ್ಲಿನ ಮೇಲೆ ಕೊರೆದಂತೆ. ಪ್ರಾಯದಲ್ಲಿ ಒಮ್ಮೆ ಯಾರೋ, ನಿನ್ನಿಂದ ಚಹಾ ಬಿಡಲಿಕ್ಕಾಗುತ್ತದೆಯೇ ಎಂದು ಅಣಕಿಸಿದ್ದರು. ಅಂದು ಬಿಟ್ಟ ಚಹಾವನ್ನು ಇವನು ಇಂದಿಗೂ ಬಾಯಿಗೆ ಹಾಕಿಲ್ಲ. ಅಂದರೆ ಈ ಗಿಟಾರು ಅದರ ಸಮ ಆಗದಿದ್ದರೆ, ಇವನು ಮತ್ತೆ ಗೋಡೆಗೆ ಮುಖ ಮಾಡುತ್ತಾನೆ, ಸಂಶಯವೇ ಬೇಡ.

ಶುರುವಾಯಿತು ನೋಡಿ ಬದಲಿಸುವ ಯಜ್ಞ! ಮೊದಲು ತಂತಿ, ಆಮೇಲೆ ತಂತಿ ಬಿಗಿಯುವ ಬಿರಡೆಗಳು. ಅದೆಲ್ಲ ಆಗಲಿ. ಒಂದು ದಿನ ಮಧ್ಯಾಹ್ನ ಅಡುಗೆಮನೆಗೆ ಹೋದರೆ ಹಾಲು ಕಾಸುವ ಪಾತ್ರೆಯಲ್ಲಿ ಏನೋ ಕೊತಕೊತ ಕುದಿಯುತ್ತಿದೆ. ಸೌಟು ಹಾಕಿ ಎತ್ತಿದೆ. ಎಲುಬು!

ನಮ್ಮದು ಲಿಂಗ ಕಟ್ಟಿಕೊಂಡ ಮನೆ. ತತ್ತಿ ತಿಂದವರು ಹೊಸ್ತಿಲು ದಾಟುವಾಗಲೂ ನಾನು ಮೂಗು ಹಿಡಿದು ನೋಡುವವಳು. ನನ್ನ ಹಾಲಿನ ಪಾತ್ರೆಯಲ್ಲಿ ಎಲುಬು ಎಂದರೆ? ಸೌಟು ಒಂದು ಕಡೆ ಬಿತ್ತು, ನಾನು ಒಂದು ಕಡೆ ಬಿದ್ದೆ.

“ವೈನೀ, ಚೀರಬ್ಯಾಡ,” ಎಂದ ಮೈದುನ. “ತಂತಿ ಕುತಗೊಳ್ಳೂ ಪಟ್ಟಿ ಇದರಾಗ ಪ್ಲಾಸ್ಟಿಕ್ಕಿಂದೈತಿ. ದುಬಾರಿ ಗಿಟಾರದಾಗ ಎಲುಬಿಂದಿರ್ತೈತಿ. ಕುದಿಸಿದ್ರ ಜಿಡ್ಡ ಹೋಗತೈತಿ.”

“ಯಾವುದರ ಎಲುಬಲೇ ಅದು?”

“ಅದನ್ನ ನೀ ಕೇಳಬ್ಯಾಡ, ನಾ ಹೇಳಂಗಿಲ್ಲ.”

ಆ ಪಾತ್ರೆಯನ್ನು ನಾನು ತಿಪ್ಪೆಗೆ ಎಸೆದೆ. ಅವನು ಅದನ್ನು ಎತ್ತಿ ತಂದು ಅದರಲ್ಲಿ ಸ್ಕ್ರೂ ಇಟ್ಟುಕೊಂಡ. ಎಲುಬನ್ನು ಅರದಿಂದ ಉಜ್ಜಿ, ಕಡ್ಡಿಯಷ್ಟು ಮಾಡಿ, ಗಿಟಾರಿನ ಕುತ್ತಿಗೆಯ ತುದಿಗೆ ಕೂರಿಸಿ, ಬಾರಿಸಿ, ತಲೆ ವಾಲಿಸಿ ಕೇಳಿದ. ಆಮೇಲೆ ಹೇಳಿದ: “ಇನ್ನೂ ಮ್ಯಾಲಿನ ದನಿ ಬರವಲ್ದು.”

ಮ್ಯಾಲಿನ ದನಿ ಎಂದರೆ ಸಣ್ಣ ತಂತಿಯದು, ಕಿಣಿಕಿಣಿ ಎನ್ನುವುದು. ಏನು ಬದಲಿಸಿದರೂ ಅದೊಂದೇ ದೂರು.

ಎಲುಬಿನ ನಂತರ ಹೊಟ್ಟೆಗೆ ಕೈ ಹಾಕಿದ, ಗಿಟಾರಿನ ಹೊಟ್ಟೆಗೆ. ಒಳಗಿನ ವೈಯರುಗಳನ್ನೆಲ್ಲ ಕಿತ್ತು ಬೇರೆ ಜೋಡಿಸಿದ. ಸ್ಪೀಕರಿನ ಡಬ್ಬಿಗೆ ಚುಚ್ಚಿ ಗುಂಡಿ ಒತ್ತಿದ. ತಂತಿಯನ್ನು ಯಾರೂ ಮುಟ್ಟಿರಲಿಲ್ಲ, ದೇವರಾಣೆ! ಗಿಟಾರು ಗಂಡಸಿನ ದನಿಯಲ್ಲಿ ಹೇಳಿತು:

“ರೈತ ಬಾಂಧವರೇ, ಕಬ್ಬಿನ ಬೆಳೆಗೆ ಮೇಲುಗೊಬ್ಬರ ಕೊಡುವಾಗ...”

ನಾನು ಕೈ ಮುಗಿದುಬಿಟ್ಟೆ! ಸೊಸೆ ಕುಂಕುಮದ ಭರಣಿ ತರಲು ಓಡಿದಳು. ರೇಡಿಯೋದ ಕೃಷಿ ಕಾರ್ಯಕ್ರಮವಂತೆ, ಒಳಗೆ ಹೊದಿಕೆ ಇಲ್ಲದಿದ್ದರೆ ವೈಯರು ಗಾಳಿಯೊಳಗಿನ ಮಾತನ್ನೂ ಹಿಡಿಯುತ್ತದಂತೆ. ಸೊಸೆ ಚಪಾತಿ ಸುತ್ತಲು ತಂದಿದ್ದ ಬೆಳ್ಳಿ ಕಾಗದವನ್ನೆಲ್ಲ ಎತ್ತಿಕೊಂಡು ಹೋಗಿ ಗಿಟಾರಿನ ಹೊಟ್ಟೆಯೊಳಗೆ ಅಂಟಿಸಿದ. ಗಿಟಾರು ಕಬ್ಬಿನ ವಿಷಯ ಬಿಟ್ಟಿತು.

“ಸಣ್ಣ ಮಾವಾರ, ಇನ್ನ ಚಪಾತಿ ಯಾತರಾಗ ಸುತ್ತಲ್ರೀ?” ಎಂದಳು ಸೊಸೆ.

“ಗಿಟಾರದಾಗ ಜಾಗಾ ಇದ್ರ ಅದರಾಗ ಇಡಲೇನು?” ಎಂದೆ ನಾನು.

ಅವನು ತಲೆ ವಾಲಿಸಿ ಕೇಳುತ್ತಿದ್ದ. “ಮ್ಯಾಲಿನ ದನಿ ಇನ್ನೂ ಇಲ್ಲ.”

ಕೊನೆಗೆ ಉಳಿದದ್ದು ಅಯಸ್ಕಾಂತದ ಸುರುಳಿ. ತಂತಿಯ ಅಡಿಯಲ್ಲಿ ಇರುವುದು ಅದು. ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ಎಳೆ ಸುತ್ತಬೇಕು, ಸಾವಿರಗಟ್ಟಲೆ ಸುತ್ತು. ಅವನು ಸುತ್ತಿದ, ಹರಿಯಿತು. ಮತ್ತೆ ಸುತ್ತಿದ, ಮತ್ತೆ ಹರಿಯಿತು. ಆಮೇಲೆ ಅಟ್ಟದಿಂದ ನನ್ನ ಹಳೆಯ ರಾಟಿಯನ್ನು ಇಳಿಸಿ ತಂದು ಮುಂದಿಟ್ಟ. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಲೇ ನಾನು ಈ ಮನೆಯಲ್ಲಿ ಮುದುಕಿಯಾದವಳು.

“ವೈನೀ, ನಿನ್ನ ಬಾಯಿ ಬಿರಸ, ಕೈ ಹಗರ. ಸುತ್ತಿ ಕೊಡು.”

“ಈ ವಯಸ್ಸಿನಾಗ ಕರೆಂಟಿನ ಕಂಡಿಕಿ ಸುತ್ತಲೇನು? ನಿನಗ ಬುದ್ಧಿ ಐತೋ ಇಲ್ಲೋ?”

ಹಾಗೆಂದೆ, ಆದರೆ ಕೂತು ಸುತ್ತಿದೆ. ಎಳೆ ಕಣ್ಣಿಗೆ ಕಾಣುತ್ತಿರಲಿಲ್ಲ, ಬೆರಳಿಗೆ ಮಾತ್ರ ತಿಳಿಯುತ್ತಿತ್ತು. ಹರಿಯಲಿಲ್ಲ. ಅದನ್ನು ಕೂರಿಸಿ ಬಾರಿಸಿದ ದಿನ ಎದುರು ಮನೆಯವರು ಹೊರಗೆ ಬಂದು ನಿಂತು ಕೇಳಿದರು. ತಗಡಿನ ಬೆಕ್ಕು ಸತ್ತಿತ್ತು. ಅದರ ಜಾಗದಲ್ಲಿ ಒಳ್ಳೆಯ ದನಿಯೊಂದು ಹುಟ್ಟಿತ್ತು. ನಾನೇ ದಂಗಾದೆ! ಅವನು ಮಾತ್ರ ಸಪ್ಪೆ ಮುಖ ಮಾಡಿದ. “ಆ ಅಮೆರಿಕಾದ್ದಕ್ಕೂ ಇದಕ್ಕೂ ಕೂಡಿಸಿ ನೋಡೂದ ಖರೆ,” ಎಂದ.

ಮುಧೋಳಕ್ಕೆ ಹೋದೆವು, ಸೊಸೆಯೂ ಬಂದಳು. ಆರ್ಕೆಸ್ಟ್ರಾದವನ ಮನೆಯ ಪಡಸಾಲೆಯಲ್ಲಿ ಎರಡೂ ಗಿಟಾರುಗಳನ್ನು ಒಂದೇ ಡಬ್ಬಿಗೆ ಜೋಡಿಸಿದರು. ತೀರ್ಪು ಹೇಳುವ ಪಂಚ ಯಾರು ಎಂಬ ಮಾತು ಬಂತು.

“ನಾನ ಪಂಚ,” ಎಂದ ಮೈದುನ. “ಗ್ವಾಡಿಗಿ ಮುಖಾ ಮಾಡಿ ಕುಂಡ್ರತೇನಿ. ಯಾವುದನ್ನ ಬಾರಸ್ತೀ ಅಂತ ಹೇಳಬ್ಯಾಡ. ನನಗ ಫರಕ ತಿಳೀತು ಅಂದ್ರ ನಾ ಸೋತೆ.”

ಅವನು ಸುಳ್ಳು ಹೇಳುವವನಲ್ಲ ಎಂದು ಎಲ್ಲರಿಗೂ ಗೊತ್ತು, ಒಪ್ಪಿದರು. ಆರ್ಕೆಸ್ಟ್ರಾದವನು ಒಂದೇ ಪದವನ್ನು ಮೊದಲು ತನ್ನದರಲ್ಲಿ, ಆಮೇಲೆ ನಮ್ಮದರಲ್ಲಿ ಬಾರಿಸಿದ. ದಪ್ಪ ತಂತಿಗಳಲ್ಲಿ ಎರಡೂ ಒಂದೇ ತಾಯಿಯ ಮಕ್ಕಳು; ಅಮೆರಿಕಾದ್ದು ಯಾವುದು, ಬನಹಟ್ಟಿಯದು ಯಾವುದು ಎಂದು ತಿಳಿಯಲಿಲ್ಲ. ಸಣ್ಣ ತಂತಿಗೆ ಬಂದಾಗ ತಿಳಿಯಿತು. ಕೈಮಗ್ಗದ ಸೀರೆಗೂ ಪವರ್‌ಲೂಮ್ ಸೀರೆಗೂ ಇರುವ ಫರಕು. ದೂರದಿಂದ ಕಾಣುವುದಿಲ್ಲ, ಮುಟ್ಟಿದರೆ ಮುಚ್ಚಿಡಲಾಗುವುದಿಲ್ಲ. ಸೊಸೆ ನನ್ನ ಮುಖ ನೋಡಿದಳು. ಅವಳಿಗೂ ತಿಳಿದಿತ್ತು. ಸೋತೆವು ಎಂದುಕೊಂಡೆ.

ಮೈದುನ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದ: “ಎರಡೂ ಒಂದ. ಎರಡಕ್ಕೂ ಮ್ಯಾಲಿನ ದನಿ ಇಲ್ಲ. ತಮ್ಮಾ, ಅಮೆರಿಕಾದವರು ನಿನಗೂ ಮೋಸಾ ಮಾಡ್ಯಾರ.”

ಎಲ್ಲರೂ ನಕ್ಕೆವು. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಆರ್ಕೆಸ್ಟ್ರಾದವನು ತನ್ನ ಗಿಟಾರಿನ ಸಣ್ಣ ತಂತಿಯನ್ನೊಂದೇ, ತೀರ ಮೇಲಿನ ಸ್ವರದಲ್ಲಿ, ಮೆಲ್ಲಗೆ ಮೀಟುತ್ತ ಹೋದ. ಪಡಸಾಲೆಯ ತುಂಬ ಗೆಜ್ಜೆ ಚೆಲ್ಲಿದಂತಾಯಿತು.

“ಬಾರ್ಸೋ ತಮ್ಮಾ, ಯಾಕ ಸುಮ್ಕ ಕುಂತಿ?” ಎಂದ ಮೈದುನ.

ಅವನು ಬಾರಿಸುತ್ತಲೇ ಇದ್ದ.

“ಬಾರ್ಸು ಅಂದ್ರ! ಹೊತ್ತ ಹೋಗಾಕತ್ತೈತಿ.”

ನಗು ನಿಂತಿತು. ಆರ್ಕೆಸ್ಟ್ರಾದವನ ಬೆರಳು ತಂತಿಯ ಮೇಲೇ ಉಳಿಯಿತು. ನಾನು ಮೈದುನನ ಬೆನ್ನ ಹಿಂದೆ ನಿಂತು, ಎಂದೂ ಮಾತಾಡದಷ್ಟು ಸಣ್ಣ ದನಿಯಲ್ಲಿ ಹೇಳಿದೆ: “ಏ, ನಿನ್ನ ಕಾಲಬುಡಕ ಹಾವ ಐತಿ.”

ಅವನು ಅಲುಗಲಿಲ್ಲ. ಕಾಲು ಚಾಚಿ ಕೂತೇ ಇದ್ದ.

ಆ ಕ್ಷಣ ಹಾವು ಕಚ್ಚಿದ್ದು ನನಗೆ. ಎಲುಬು, ಬೆಳ್ಳಿ ಕಾಗದ, ತಾಮ್ರದ ಎಳೆ, ಎಲ್ಲ ಕಣ್ಣ ಮುಂದೆ ಬಂದವು. ಮ್ಯಾಲಿನ ದನಿ ಗಿಟಾರಿನಿಂದ ಹೋಗಿರಲಿಲ್ಲ! ಮಗ್ಗಗಳ ನಡುವೆ ಕಳೆದ ಜನ್ಮ ಅದನ್ನು ಅವನ ಕಿವಿಯಿಂದ ತಿಂದುಹಾಕಿತ್ತು. ಒಂದೇ ಮನೆಯಲ್ಲಿದ್ದು ನಮಗೆ ತಿಳಿಯಲಿಲ್ಲವೇ ಎಂದರೆ, ಹೇಗೆ ತಿಳಿಯಬೇಕು? ನಾವು ಹುಟ್ಟಿದಂದಿನಿಂದ ಚೀರಿಯೇ ಮಾತಾಡುವವರು. ಅವನು ಹುಟ್ಟಿದಂದಿನಿಂದ ತುಟಿ ನೋಡಿಯೇ ಕೇಳುವವನು. ಕಿವುಡರಲ್ಲದವರೂ ನಮ್ಮಲ್ಲಿ ಹಾಗೆಯೇ ಬದುಕುತ್ತಾರಲ್ಲ!

ಅವನು ತಿರುಗಿದ. “ಯಾಕ ಎಲ್ಲಾರೂ ಹೆಣಾ ನೋಡಿದಂಗ ನಿಂತೀರಿ? ಸೋತ್ನೇನು?”

“ಇಲ್ರೀ ಕಾಕಾ, ನೀವ ಗೆ...” ಎಂದು ಆರ್ಕೆಸ್ಟ್ರಾದವನು ಶುರುಮಾಡಿದ. ಅವನ ಬಾಯಿಗೆ ನಾನು ಅಡ್ಡ ಕೈ ಹಿಡಿದೆ. ಮೈದುನನ ಎದುರಿಗೆ ಕೂತು ಹೇಳಿದೆ:

“ಸಮಾ ಆಗಿಲ್ಲ. ಅವಂದರ ಸಣ್ಣ ತಂತಿ ನಿಂದಕ್ಕಿಂತ ಛಲೋ ಐತಿ.”

ಅವನ ಮುಖ ಆರಿದ ಒಲೆಯಂತಾಯಿತು. “ಆತು,” ಎಂದು ಕೆಂಪು ಗಿಟಾರನ್ನು ಚೀಲಕ್ಕೆ ಹಾಕಲು ಎದ್ದ.

“ಏನ ಆತು? ಕುಂಡ್ರು. ಪಂಚ ಆದಂವನ ಕಿವಿ ನೆಟ್ಟಗಿರಬೇಕು. ನಿನಗ ಕೇಳಸಂಗಿಲ್ಲ. ಈಗ ಇಷ್ಟೊತ್ತನಾ ಬಾರಸ್ಯಾನ, ನಿನಗ ಗೊತ್ತಾಗಿಲ್ಲ. ಕಿವುಡ ಪಂಚನ ಮಾತಿಗೆ ಪಂದ್ಯಾ ಆಗಂಗಿಲ್ಲ. ರದ್ದು. ಸೋತೂ ಇಲ್ಲ, ಗೆದ್ದೂ ಇಲ್ಲ.”

ಅವನು ನನ್ನ ತುಟಿಯನ್ನೇ ನೋಡುತ್ತಿದ್ದ. “ಕೇಳಸಂಗಿಲ್ಲಾ? ಮತ್ತ ನಿನ್ನ ಮಾತ ಕೇಳಸ್ತೈತಲ್ಲ?”

“ನನ್ನ ಮಾತ ಸತ್ತವರಿಗೂ ಕೇಳಸ್ತೈತಿ!”

ಸೊಸೆಗೆ ನಗು ಬಂತು, ನಗುವಿನ ಜೊತೆಗೆ ಅಳುವೂ ಬಂತು. ಅವನು ಅಳಲಿಲ್ಲ. ಕೆಂಪು ಗಿಟಾರನ್ನು ತೊಡೆಯ ಮೇಲೆ ಹಾಕಿಕೊಂಡು, ದನದ ಮೈ ಸವರಿದ ಹಾಗೆ ಅದನ್ನು ಸವರಿದ.

“ಹಂಗಾರ ಇದರ ತಪ್ಪ ಏನೂ ಇದ್ದಿಲ್ಲ,” ಎಂದ. “ಪಾಪ, ಸುಮ್ಮಸುಮ್ಮನ ಎಷ್ಟ ಸಲಾ ಇದರ ಹೊಟ್ಟಿ ಹರದೆ.”

ಆರ್ಕೆಸ್ಟ್ರಾದವನು ತನ್ನ ಅಮೆರಿಕಾದ್ದನ್ನು ಗೋಡೆಗೆ ಒರಗಿಸಿ ಬಂದು ಅವನ ಕಾಲು ಮುಟ್ಟಿದ.

ಮರುದಿನ ಬೆಳಗ್ಗೆ ರೊಟ್ಟಿಯನ್ನು ಸೊಸೆಗೆ ಬಿಟ್ಟು, ಅವನ ರಟ್ಟೆ ಹಿಡಿದು ಜಮಖಂಡಿಯ ಮೊದಲ ಬಸ್ಸು ಹತ್ತಿಸಿದೆ. ಕಿವಿ ಡಾಕ್ಟರು ಆಸ್ಪತ್ರೆಯ ಬಾಗಿಲು ತೆಗೆಯಲು ಇನ್ನೂ ಬಹಳ ಹೊತ್ತಿತ್ತು. ನಾನು ಬಾಗಿಲು ಬಡಿದೆ.