ಕಡವಿನಲ್ಲಿ ಕಾದ ದೋಣಿ

ಹೆಂಡತಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುವುದು ನಮ್ಮ ಕಾಲದ ಮೈಸೂರಿನ ಗಂಡಸರಿಗೆ ಯಾರೂ ಕಲಿಸದೆ ಬಂದ ವಿದ್ಯೆ. ಲಕ್ಷ್ಮೀಪುರದಿಂದ ಮಾರ್ಕೆಟ್ಟಿಗೆ ಹೋಗುವಾಗ ನಾನು ಕೊಡೆ ಬೀಸಿಕೊಂಡು ಮುಂದೆ, ನನ್ನಾಕೆ ಚೀಲ ಹಿಡಿದು ಹಿಂದೆ. ಬರುತ್ತಿದ್ದಾಳೆಯೇ ಎಂದು ತಿರುಗಿ ನೋಡುವುದು ಗಂಡಸಿನ ಲಕ್ಷಣವಲ್ಲವೆಂದು ನಂಬಿದ್ದೆ. ಆ ನಂಬಿಕೆಯಿಂದ ನಡೆದ ಒಂದು ತಪ್ಪನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ, ಈಗ ಹೇಳಿಬಿಡುತ್ತೇನೆ.

ಕರಾವಳಿ ನಮ್ಮ ರಾಜ್ಯಕ್ಕೆ ಸೇರಿದ ಮರುವರ್ಷ, ಸಮುದ್ರ ನಮ್ಮ ಕಚೇರಿಗೇ ವರ್ಗವಾಗಿ ಬಂದಷ್ಟು ಹೆಮ್ಮೆಯಿಂದ ಅವಳನ್ನು ಕರೆದುಕೊಂಡು ಹೊರಟೆ. ಸಮುದ್ರ ನೋಡಬೇಕೆಂಬುದು ಅವಳ ಬಹುದಿನದ ಆಸೆ. ಮಂಗಳೂರಿನಲ್ಲಿ ಬಸ್ಸಿಳಿದ ಮೇಲೆ ದೊಡ್ಡ ರಸ್ತೆ ಬಿಟ್ಟು ಊರಿಂದೂರಿಗೆ ಒಳದಾರಿಯಲ್ಲೇ ಅಲೆದೆವು. ಬೆಳ್ಳನೆಯ ಮರಳಿನ ಓಣಿ, ಎರಡೂ ಕಡೆ ಕೆಂಪು ಕಲ್ಲಿನ ಗೋಡೆ, ಗೋಡೆಯ ಮೇಲೆ ಒಣಹಾಕಿದ ಬಲೆ. ಸಮುದ್ರ ಕಾಣುವುದಿಲ್ಲ, ಪಕ್ಕದ ಮನೆಯಲ್ಲಿ ಯಾರೋ ರಾಗಿ ಬೀಸುತ್ತಿರುವ ಹಾಗೆ ಅದರ ಸದ್ದು ಮಾತ್ರ ಜೊತೆಗೇ ಬರುತ್ತದೆ. ನೀರು ಕೇಳಿದರೆ ಬೆಲ್ಲದ ತುಂಡು ಇಟ್ಟು ಕೊಡುವ ಜನ. ನಮ್ಮಲ್ಲಿ ಯಾರು, ಎಲ್ಲಿಯವರು ಎಂದು ವಿಚಾರಿಸಿದ ಮೇಲೆ ನೀರು. ಅಲ್ಲಿ ನೀರು ಕುಡಿಸಿದ ಮೇಲೆ ವಿಚಾರಣೆ.

ಮೂರನೆಯ ದಿನ ಒಂದು ಹೊಳೆ ದಾಟಬೇಕಿತ್ತು. ಕಡವಿನಲ್ಲಿ ದೋಣಿ ನಿಂತಿತ್ತು. ಹತ್ತಿ ಕುಳಿತೆ. ಏಳೆಂಟು ಜನ ಆಗಲೇ ಕೂತಿದ್ದರು. ಎಷ್ಟು ಹೊತ್ತಾದರೂ ದೋಣಿ ಅಲುಗಲಿಲ್ಲ.

"ಯಾಕಪ್ಪಾ, ಹೊರಡೋದಿಲ್ವೇ?" ಎಂದೆ.

"ಒಬ್ಬರು ಬರ್ಲಿಕ್ಕುಂಟು," ಎಂದ ಅಂಬಿಗ.

"ಒಬ್ಬರಿಗೋಸ್ಕರ ಇಷ್ಟು ಜನ ಕಾಯ್ಬೇಕೇನಯ್ಯಾ? ನಮ್ಮ ಮೈಸೂರಲ್ಲಾಗಿದ್ರೆ ಬಸ್ಸು ಇಷ್ಟೊತ್ತಿಗೆ ನಂಜನಗೂಡು ಮುಟ್ಟಿರ್ತಿತ್ತು. ನೀನು ಹೊರಟ್ಬುಡು. ಹೊತ್ತಿಗೆ ಸರಿಯಾಗಿ ಬರದೋರು ಅನುಭವಿಸ್ಲಿ."

ಮೀನಿನ ಬುಟ್ಟಿಯ ಹೆಂಗಸೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಂಬಿಗ ನನ್ನನ್ನು ಕನಿಕರದಿಂದ ನೋಡಿ, "ಬಿಟ್ಟು ಹೋದ್ರೆ ನಾಳೆಯಿಂದ ನಿಮಗೆ ಅನ್ನ ಬಡಿಸುವವರು ಯಾರು ಮಾರಾಯ್ರೇ? ನಿಮ್ಮ ಹಿಂದೆ ಬರ್ತಿದ್ದದ್ದು ನಿಮ್ಮ ಮನೆಯವರಲ್ವಾ?" ಎಂದ.

ಆಗ ಪಕ್ಕಕ್ಕೆ ನೋಡಿದೆ. ಅಲ್ಲಿ ನನ್ನ ಕೊಡೆ ಮಾತ್ರ ಇತ್ತು.

ಸ್ವಲ್ಪ ಹೊತ್ತಿಗೆ ಅವಳು ಮರಳಿನಲ್ಲಿ ಹೂತುಹೋಗುವ ಕಾಲನ್ನು ಕೀಳುತ್ತ ಓಡಿಬಂದಳು. ದಾರಿಯ ಮನೆಯೊಂದರಲ್ಲಿ ತೆಂಗಿನ ಗರಿ ಹೆಣೆಯುವುದನ್ನು ನೋಡುತ್ತ ನಿಂತುಬಿಟ್ಟಿದ್ದಳಂತೆ. ಅಂಬಿಗ ನೀರಿಗಿಳಿದು ದೋಣಿಯ ಅಂಚನ್ನು ಹಿಡಿದು, "ನಿಧಾನ ಅಕ್ಕಾ, ದೋಣಿ ಎಲ್ಲಿಗೂ ಹೋಗುದಿಲ್ಲ," ಎಂದ. ಅವಳು ಏದುಸಿರು ಬಿಡುತ್ತ, "ಅಯ್ಯೋ, ನನಗೋಸ್ಕರ ನಿಲ್ಲಿಸಿದ್ರೇನ್ರೀ?" ಎಂದು ನನ್ನ ಮುಖ ನೋಡಿದಳು. ಅವಳ ಕಣ್ಣಿನಲ್ಲಿ ಅಂಥ ಸಂತೋಷವನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

"ಹೂಂ ಕಣೇ, ನಿನ್ನ ಬಿಟ್ಟು ಹೋಗ್ತೀನಾ," ಎಂದುಬಿಟ್ಟೆ.

ದೋಣಿಯಲ್ಲಿದ್ದ ಒಬ್ಬರೂ ಬಾಯಿ ಬಿಡಲಿಲ್ಲ. ಎಲ್ಲರೂ ಹೊಳೆಯಲ್ಲಿ ಏನನ್ನೋ ಕಳೆದುಕೊಂಡವರ ಹಾಗೆ ನೀರು ನೋಡುತ್ತ ಕೂತರು. ಅಂಥ ಸಭ್ಯ ಜನರನ್ನು ಮತ್ತೆಲ್ಲೂ ಕಂಡಿಲ್ಲ.

ಇವತ್ತಿಗೂ ಮನೆಗೆ ಬಂದವರಿಗೆಲ್ಲ ಅವಳು ಹೇಳುವುದು ಸಮುದ್ರದ ಕಥೆಯನ್ನಲ್ಲ, "ನಮ್ಮೋರು ನನಗೋಸ್ಕರ ದೋಣಿ ತಡೆದು ನಿಲ್ಸಿದ್ರು ಕಣ್ರೀ" ಎಂಬುದನ್ನು. ನಾನು ತಲೆ ತಗ್ಗಿಸಿ ಕೂರುತ್ತೇನೆ. ಬಂದವರು ಅದನ್ನು ವಿನಯವೆಂದು ತಿಳಿದು, ಹೋಗುವಾಗ ನನಗೆ ಇನ್ನೊಂದು ನಮಸ್ಕಾರ ಹೆಚ್ಚಾಗಿ ಮಾಡಿ ಹೋಗುತ್ತಾರೆ.